ಸೋನಿಕೇಟರಿಗೆ ಇಡುವ ಮೊದಲು

ಜುಲೈ ತಿಂಗಳಲ್ಲಿ ಶಿವಮೊಗ್ಗದ ಗಾಳಿಯೆಲ್ಲ ಪಸೆ. ಫಿಲ್ಟರ್ ಪೇಪರ್ ಮೆತ್ತಗಾಗಿರುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ ಬಾಟಲಿಯೊಳಗೇ ನೀರಾಗಿರುತ್ತದೆ. ನಮ್ಮ ಎಂ.ಎಸ್ಸಿ. ಮಕ್ಕಳಿಗೆ ಗ್ರಿನ್ಯಾರ್ಡ್ ರಿಯಾಕ್ಷನ್, ಅಂದರೆ ಮೆಗ್ನೀಸಿಯಂ ಮತ್ತು ಆರ್ಗ್ಯಾನಿಕ್ ಬ್ರೋಮೈಡ್ ಸೇರಿಸಿ ಮಾಡುವ, ತೇವವಿದ್ದರೆ ಕೈಕೊಡುವ ರಿಯಾಕ್ಷನ್, ಬರುವುದೂ ಇದೇ ದಿನಗಳಲ್ಲಿ. ಮೆಗ್ನೀಸಿಯಂ ಸುರುಳಿಗಳನ್ನು ಓವನ್ನಿನಲ್ಲಿ ಒಣಗಿಸಿ, ಸೋಡಿಯಂ ತಂತಿ ಹಾಕಿಟ್ಟ ಈಥರ್ ಬಳಸಿ, ಗಾಳಿಯ ತೇವ ತಡೆಯುವ ಗಾರ್ಡ್ ಟ್ಯೂಬನ್ನು ಹೊಸದಾಗಿ ತುಂಬಿ, ಬ್ರೋಮೋಬೆಂಜೀನನ್ನು ಹನಿಹನಿಯಾಗಿ ಬಿಟ್ಟರೂ ಫ್ಲಾಸ್ಕ್ ತಣ್ಣಗೆ ಕೂತಿರುತ್ತದೆ. ಒಂದು ಹರಳು ಅಯೋಡಿನ್ ಹಾಕುತ್ತಾರೆ. ಗಾಜಿನ ಕಡ್ಡಿಯಿಂದ ಸುರುಳಿಯನ್ನು ಜಜ್ಜುತ್ತಾರೆ. ಅಂಗೈಯ ಶಾಖ ಕೊಡುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ.

ಈಗ ಕೆಲವು ವರ್ಷಗಳಿಂದ ನಾವು ಆ ಫ್ಲಾಸ್ಕನ್ನು ಸೋನಿಕೇಟರ್ ಬಾತ್‌ಗೆ ಇಳಿಸುತ್ತೇವೆ. ಚಿನ್ನದಂಗಡಿಯಲ್ಲಿ ಸರ ತೊಳೆಯಲು, ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ತೊಳೆಯಲು ಇಟ್ಟಿರುತ್ತಾರಲ್ಲ, ಅದೇ ಸ್ಟೀಲ್ ತೊಟ್ಟಿ. ತಳಕ್ಕೆ ಅಂಟಿಸಿದ, ಕರೆಂಟ್ ಕೊಟ್ಟರೆ ನಡುಗುವ ಪೀಜೋ ಬಿಲ್ಲೆಗಳು ಸೆಕೆಂಡಿಗೆ ಸುಮಾರು 40 ಸಾವಿರ ಸಲ ನಡುಗುತ್ತವೆ. ಕಿವಿಗೆ ಕೇಳದ ಈ ಶಬ್ದವೇ ಅಲ್ಟ್ರಾಸೌಂಡ್. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಮೆಗ್ನೀಸಿಯಂ ಸುತ್ತ ಬೂದು ಬಣ್ಣದ ಮೋಡ ಏಳುತ್ತದೆ, ಅಯೋಡಿನ್ನಿನ ಕಂದು ಬಣ್ಣ ಹೋಗುತ್ತದೆ, ಈಥರ್ ತಾನೇ ಕುದಿಯಲು ಶುರುವಾಗುತ್ತದೆ. ಕೂಡಲೇ ಫ್ಲಾಸ್ಕನ್ನು ಮೇಲೆತ್ತಬೇಕು, ಪಕ್ಕದಲ್ಲಿ ಐಸ್ ಇರಲೇಬೇಕು. ಒಮ್ಮೆ ಹೊರಟ ಗ್ರಿನ್ಯಾರ್ಡ್‌ಗೆ ಇನ್ನು ಶಬ್ದದ ಹಂಗಿಲ್ಲ, ಅದರ ಬಿಸಿಯೇ ಅದನ್ನು ನಡೆಸುತ್ತದೆ.

ಇದನ್ನು ಮೊದಲ ಸಲ ನೋಡಿದ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಮೇಡಂ, ಹಂಗಾದ್ರೆ ಎಲ್ಲಾ ರಿಯಾಕ್ಷನ್ನೂ ಇದ್ರಲ್ಲೇ ಇಡ್ಬೋದಲ್ವಾ?"

ಈ ಬರಹ ಆ ಪ್ರಶ್ನೆಗೆ ಉತ್ತರ. ಚುಟುಕಾಗಿ ಹೇಳುವುದಾದರೆ, ಇಡಬಾರದು. ಅಲ್ಟ್ರಾಸೌಂಡ್ ಎಲ್ಲಿ ನಿಜವಾಗಿ ಕೆಲಸ ಮಾಡುತ್ತದೆ, ಎಲ್ಲಿ ಬರೀ ನೀರು ಕಾಯಿಸುತ್ತದೆ ಎನ್ನುವುದನ್ನು ಬೇರೆ ಮಾಡಿ ನೋಡದಿದ್ದರೆ, ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಸಾಲುಸಾಲಾಗಿ ಬರುವ ಯೀಲ್ಡ್ (ಸಿಕ್ಕ ಪ್ರಾಡಕ್ಟಿನ ಪ್ರಮಾಣ) ಪಟ್ಟಿಗಳಿಗೆ ಬೆಲೆಯಿಲ್ಲ. ನನಗೆ ಈ ವಿಷಯ ಅಷ್ಟು ಮುಖ್ಯ ಅನ್ನಿಸಿರುವುದರಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಶಬ್ದ ಅಣುವನ್ನು ಹಿಡಿದು ಅಲ್ಲಾಡಿಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 20 ಕಿಲೋಹರ್ಟ್ಸ್ ಶಬ್ದದ ಒಂದು ಅಲೆಯ ಉದ್ದ 7.5 ಸೆಂಟಿಮೀಟರ್ ಆಯಿತು. ಬೆಂಜೀನ್ ಅಣು ಒಂದು ನ್ಯಾನೋಮೀಟರಿಗಿಂತಲೂ ಚಿಕ್ಕದು. ಅಷ್ಟು ಉದ್ದದ ಅಲೆ ಅಷ್ಟು ಸಣ್ಣ ಬಂಧವನ್ನು ನೇರವಾಗಿ ಮುಟ್ಟಲಾರದು. ನಡುವೆ ಒಬ್ಬ ಮಧ್ಯಸ್ಥ ಬೇಕು. ಆ ಮಧ್ಯಸ್ಥನೇ ಗುಳ್ಳೆ.

ಅಲೆ ದ್ರವವನ್ನು ಒಮ್ಮೆ ಒತ್ತುತ್ತದೆ, ಒಮ್ಮೆ ಎಳೆಯುತ್ತದೆ. ಎಳೆತದ ಹೊತ್ತಿನಲ್ಲಿ, ಧೂಳಿನ ಕಣದಲ್ಲೋ ಗಾಜಿನ ಸಣ್ಣ ಬಿರುಕಿನಲ್ಲೋ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಹಿಗ್ಗುತ್ತದೆ. ಕೆಲವು ಸುತ್ತು ಹಿಗ್ಗಿ ಕುಗ್ಗಿ, ಒಂದು ಗಾತ್ರ ಮುಟ್ಟಿದ ಮೇಲೆ ತಡೆದುಕೊಳ್ಳಲಾರದೆ ಒಳಕ್ಕೆ ಕುಸಿಯುತ್ತದೆ. ಕುಸಿತ ಎಷ್ಟು ಬೇಗ ಮುಗಿಯುತ್ತದೆ ಎಂದರೆ ಒಳಗಿನ ಬಿಸಿಗೆ ಹೊರಬರಲು ಸಮಯವೇ ಸಿಗುವುದಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಸಸ್ಲಿಕ್ ಮತ್ತು ಅವರ ವಿದ್ಯಾರ್ಥಿಗಳು 1986ರಲ್ಲಿ ಲೋಹಕ್ಕೆ ಕಾರ್ಬನ್ ಮಾನಾಕ್ಸೈಡ್ ಕೂಡಿಕೊಂಡ ಕಾರ್ಬೊನಿಲ್‌ಗಳ ರಿಯಾಕ್ಷನ್ ವೇಗವನ್ನೇ ಥರ್ಮಾಮೀಟರ್ ಮಾಡಿಕೊಂಡು ಅಳೆದರು. ಗುಳ್ಳೆಯೊಳಗಿನ ಅನಿಲ ಸುಮಾರು 5200 ಕೆಲ್ವಿನ್, ಅದನ್ನು ಸುತ್ತಿದ ದ್ರವದ ತೆಳು ಪದರ ಸುಮಾರು 1900 ಕೆಲ್ವಿನ್. ಒತ್ತಡ ನೂರಾರು ವಾತಾವರಣದಷ್ಟು. ಸೆಕೆಂಡಿಗೆ ಸಾವಿರ ಕೋಟಿ ಡಿಗ್ರಿಗೂ ಹೆಚ್ಚಿನ ವೇಗದಲ್ಲಿ ಅದು ತಣಿಯುತ್ತದೆ. ಇಷ್ಟೆಲ್ಲ ನಡೆದರೂ ಫ್ಲಾಸ್ಕಿನಲ್ಲಿ ನೆಟ್ಟ ಥರ್ಮಾಮೀಟರ್ 30 ಡಿಗ್ರಿ ತೋರಿಸುತ್ತಿರುತ್ತದೆ.

ಗುಳ್ಳೆ ದ್ರವದ ನಡುವೆ ಕುಸಿದರೆ ಒಂದು ಕಥೆ, ಗಟ್ಟಿ ವಸ್ತುವಿನ ಪಕ್ಕ ಕುಸಿದರೆ ಇನ್ನೊಂದು. ಗೋಡೆಯ ಬದಿಯಿಂದ ದ್ರವ ಸರಾಗವಾಗಿ ನುಗ್ಗಲಾರದು. ಎದುರು ಬದಿಯಿಂದ ಮಾತ್ರ ನುಗ್ಗಿದ ದ್ರವ ಗುಳ್ಳೆಯನ್ನು ಸೀಳಿಕೊಂಡು, ಸೆಕೆಂಡಿಗೆ 100 ಮೀಟರ್ ಆಸುಪಾಸಿನ ವೇಗದಲ್ಲಿ ಸೂಜಿಯ ಹಾಗೆ ಆ ಮೈಗೆ ಬಡಿಯುತ್ತದೆ. ಇದನ್ನು ಜೆಟ್ ಎನ್ನುತ್ತೇವೆ. ಹಡಗಿನ ಪ್ರೊಪೆಲರ್‌ಗಳು ಗುಳಿಬಿದ್ದು ಹಾಳಾಗುತ್ತಿದ್ದುದು ಇಂಥ ಕುಸಿತಗಳಿಂದಲೇ. ಲಾರ್ಡ್ ರ‍್ಯಾಲೆ 1917ರಲ್ಲಿ ಗುಳ್ಳೆ ಕುಸಿತದ ಗಣಿತ ಬರೆದದ್ದು ಆ ತೊಂದರೆಯ ಹಿನ್ನೆಲೆಯಲ್ಲಿ. ಅದೇ ವರ್ಷಗಳಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಕ್ವಾರ್ಟ್ಜ್‌ನಿಂದ ಅಲ್ಟ್ರಾಸೌಂಡ್ ಹೊರಡಿಸಿದಾಗ, ಅಲೆಗಳ ದಾರಿಗೆ ಬಂದ ಮೀನುಗಳು ಸತ್ತವು, ಕೈ ಮುಳುಗಿಸಿದರೆ ನೋವಾಗುತ್ತಿತ್ತು. ಓಡುತ್ತಿರುವ ಬಾತ್‌ಗೆ ಬೆರಳು ಅದ್ದಬೇಡಿ ಎಂದು ನಾನು ಪ್ರತಿ ಬ್ಯಾಚಿಗೂ ಹೇಳುವಾಗ ಈ ಮೀನುಗಳ ಕಥೆಯನ್ನೂ ಹೇಳುತ್ತೇನೆ.

ರಸಾಯನಶಾಸ್ತ್ರಕ್ಕೆ ಇದು ಬಂದದ್ದು 1927ರಲ್ಲಿ. ವಾಲ್ ಸ್ಟ್ರೀಟಿನ ಬ್ಯಾಂಕರ್ ಆಲ್‌ಫ್ರೆಡ್ ಲೂಮಿಸ್ ನ್ಯೂಯಾರ್ಕ್ ಹತ್ತಿರದ ಟಕ್ಸೀಡೋ ಪಾರ್ಕಿನಲ್ಲಿ ಸ್ವಂತ ದುಡ್ಡಿನಲ್ಲಿ ಲ್ಯಾಬ್ ಕಟ್ಟಿಸಿಕೊಂಡಿದ್ದರು. ಅಲ್ಲಿ ವಿಲಿಯಂ ರಿಚರ್ಡ್ಸ್ ಜೊತೆ ಸೇರಿ, ಡೈಮೀಥೈಲ್ ಸಲ್ಫೇಟ್ ನೀರಿನಲ್ಲಿ ಒಡೆಯುವುದು ಅಲ್ಟ್ರಾಸೌಂಡಿನಲ್ಲಿ ಬೇಗವಾಗುತ್ತದೆ ಎಂದು ತೋರಿಸಿದರು. ನಂತರ ಐವತ್ತು ವರ್ಷ ಆರ್ಗ್ಯಾನಿಕ್ ಕೆಮಿಸ್ಟರು ಇದರ ಗೊಡವೆಗೆ ಹೆಚ್ಚು ಹೋಗಲಿಲ್ಲ. 1950ರಲ್ಲಿ ಫ್ರಾನ್ಸಿನ ರೆನೋ ಲೋಹಗಳ ಜೊತೆ ಮಾಡಿ ತೋರಿಸಿದ ಕೆಲಸವನ್ನೂ ಯಾರೂ ಎತ್ತಿಕೊಳ್ಳಲಿಲ್ಲ. ತೊಳೆಯುವ ಬಾತ್‌ಗಳು ಅಗ್ಗವಾಗಿ ಲ್ಯಾಬಿನ ಮೂಲೆಮೂಲೆಗೆ ಬಂದ ಮೇಲೆ, 1980ರಲ್ಲಿ, ಗ್ರೆನೋಬಲ್‌ನ ಝಾನ್ ಲೂಯಿ ಲೂಶ್ ಆ ತೊಳೆಯುವ ಬಾತ್‌ನಲ್ಲೇ ಲಿಥಿಯಂ, ಆಲ್ಕೈಲ್ ಬ್ರೋಮೈಡ್, ಕೀಟೋನ್ ಮೂರನ್ನೂ ಟಿ.ಎಚ್.ಎಫ್. ಎಂಬ ಸಾಲ್ವೆಂಟಿನಲ್ಲಿ ಒಟ್ಟಿಗೆ ಹಾಕಿ ಬಾರ್ಬಿಯೇ ರಿಯಾಕ್ಷನ್ ಮಾಡಿದರು. ಒಂದು ಗಂಟೆಯೊಳಗೆ ಒಳ್ಳೆಯ ಯೀಲ್ಡ್. ಎರಡು ವರ್ಷದ ನಂತರ ನಾರ್ತ್ ಡಕೋಟಾದಲ್ಲಿ ಹಾನ್ ಮತ್ತು ಬುಡ್ಜುಕ್, ಸತುವಿನ ಸಹಾಯದಿಂದ ಬ್ರೋಮೋ ಎಸ್ಟರನ್ನು ಆಲ್ಡಿಹೈಡಿಗೋ ಕೀಟೋನಿಗೋ ಜೋಡಿಸುವ ರಿಫಾರ್ಮ್ಯಾಟ್‌ಸ್ಕಿ ರಿಯಾಕ್ಷನ್ನನ್ನು ಸಾಮಾನ್ಯ ಸತುವಿನ ಪುಡಿ, ಸ್ವಲ್ಪ ಅಯೋಡಿನ್, ಡಯಾಕ್ಸೇನ್ ಬಳಸಿ ರೂಮ್ ಟೆಂಪರೇಚರಿನಲ್ಲೇ ಮುಗಿಸಿದರು. ಹಳೆಯ ವಿಧಾನದಲ್ಲಿ ಸತುವನ್ನು ವಿಶೇಷವಾಗಿ ಹದಮಾಡಿಕೊಂಡು ಗಂಟೆಗಟ್ಟಲೆ ರಿಫ್ಲಕ್ಸ್ ಮಾಡಬೇಕಿತ್ತು, ಅಂದರೆ ಆವಿಯನ್ನು ತಣಿಸಿ ಮರಳಿಸುತ್ತ ಕುದಿಸಬೇಕಿತ್ತು.

ಲಿಥಿಯಂ, ಸತು, ಮೆಗ್ನೀಸಿಯಂ. ಈ ಮೂರಕ್ಕೂ ಮೈಮೇಲೆ ಆಕ್ಸೈಡಿನ ಸಿಪ್ಪೆ ಇದೆ. ಅಲ್ಟ್ರಾಸೌಂಡ್ ಮಾಡಿದ್ದು ಆ ಸಿಪ್ಪೆ ಕಿತ್ತ ಕೆಲಸ. ರಿಯಾಕ್ಷನ್ನಿನ ಮೆಕ್ಯಾನಿಸಂ ಬದಲಾಗಲಿಲ್ಲ, ಆಕ್ಟಿವೇಷನ್ ಎನರ್ಜಿ ಇಳಿಯಲಿಲ್ಲ, ಲೋಹದ ಬರಿಮೈ ಬ್ರೋಮೈಡಿಗೆ ಸಿಕ್ಕಿತು. ನಮ್ಮ ಮಳೆಗಾಲದ ಗ್ರಿನ್ಯಾರ್ಡಿನಲ್ಲಿ ನಡೆಯುವುದೂ ಇದೇ. ಹಾಗಾಗಿಯೇ ಅದರ ಮಿತಿಯೂ ಗೊತ್ತಿರಬೇಕು. ಈಥರಿನಲ್ಲಿದ್ದ ತೇವವನ್ನು ಬಾತ್ ಒಣಗಿಸುವುದಿಲ್ಲ. ರಿಯಾಕ್ಷನ್ ಶುರುವಾದರೂ ಆ ನೀರು ತನ್ನ ಪಾಲಿನ ಗ್ರಿನ್ಯಾರ್ಡನ್ನು ತಿಂದೇ ತಿನ್ನುತ್ತದೆ, ಅಷ್ಟು ಗ್ರಿನ್ಯಾರ್ಡ್ ಬೆಂಜೀನ್ ಆಗಿ ಹೋಗುತ್ತದೆ. ಬೇಗ ಶುರುವಾಯಿತು ಎನ್ನುವುದಕ್ಕೂ ಹೆಚ್ಚು ಸಿಕ್ಕಿತು ಎನ್ನುವುದಕ್ಕೂ ವ್ಯತ್ಯಾಸವಿದೆ. ಈಥರ್ ಒಣಗಿಸುವ ಕೆಲಸ ಬಿಡಬೇಡಿ.

ಪುಡಿ ಲೋಹದ ವಿಷಯಕ್ಕೆ ಬಂದರೆ ಇನ್ನೊಂದು ಬೆರಗು. ಕಣ ಗುಳ್ಳೆಗಿಂತ ಚಿಕ್ಕದಿದ್ದರೆ ಅದರ ಮೈಮೇಲೆ ಜೆಟ್ ಹುಟ್ಟಲು ಜಾಗವಿಲ್ಲ. ಅಲ್ಲಿ ಕೆಲಸ ಮಾಡುವುದು ಕುಸಿತದಿಂದ ಹೊರಟ ಆಘಾತದ ಅಲೆ. ಅದು ಕಣಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತದೆ. ಡಾಕ್ಟಿಚ್ ಮತ್ತು ಸಸ್ಲಿಕ್ 1990ರಲ್ಲಿ ಬೇರೆಬೇರೆ ಲೋಹಗಳ ಪುಡಿಯನ್ನು ಹೀಗೆ ಡಿಕ್ಕಿ ಹೊಡೆಸಿ ನೋಡಿದರು. ಸುಮಾರು 2600 ಡಿಗ್ರಿಯಲ್ಲಿ ಕರಗುವ ಮಾಲಿಬ್ಡಿನಂವರೆಗೆ ಕಣಗಳು ತಾಗಿದ ಜಾಗದಲ್ಲಿ ಕರಗಿ ಅಂಟಿಕೊಂಡವು, 3400 ಡಿಗ್ರಿಯಲ್ಲಿ ಕರಗುವ ಟಂಗ್‌ಸ್ಟನ್ ಅಂಟಲಿಲ್ಲ. ಡಿಕ್ಕಿಯ ಬಿಸಿ ಈ ಎರಡರ ನಡುವೆ ಎಲ್ಲೋ ಇದೆ ಎಂದಾಯಿತು. ಎಷ್ಟು ಸರಳವಾದ, ಎಷ್ಟು ಸುಂದರವಾದ ತರ್ಕ! ಪ್ರತಿ ವರ್ಷ ಇದನ್ನು ಬೋರ್ಡಿನ ಮೇಲೆ ಬರೆಯುವಾಗ ನನಗೆ ಖುಷಿಯಾಗುತ್ತದೆ. ಅದೇ ಗುಂಪು 1987ರಲ್ಲಿ, ಸಾಮಾನ್ಯ ನಿಕ್ಕಲ್ ಪುಡಿಯನ್ನು ಸೋನಿಕೇಟ್ ಮಾಡಿದರೆ ಹೈಡ್ರೋಜನೀಕರಣದಲ್ಲಿ ಅದರ ಚುರುಕು ಒಂದು ಲಕ್ಷ ಪಟ್ಟಿಗೂ ಮೇಲೇರುತ್ತದೆ ಎಂದು ತೋರಿಸಿತ್ತು. ಅಲ್ಲೂ ಹೋದದ್ದು ಆಕ್ಸೈಡ್ ಪದರವೇ.

ವೇಗಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು ಜಪಾನಿನ ತಕಾಶಿ ಆಂಡೋ ಅವರ 1984ರ ಪ್ರಯೋಗ. ಬೆಂಝೈಲ್ ಬ್ರೋಮೈಡ್, ಪೊಟ್ಯಾಸಿಯಂ ಸಯನೈಡ್, ಅಲ್ಯೂಮಿನಾ ಮೂರನ್ನು ಟಾಲ್ಯುಯೀನಿನಲ್ಲಿ ಹಾಕಿ ಸ್ಟಿರರ್ (ಕಲಕುವ ಯಂತ್ರ) ಮೇಲೆ ಇಟ್ಟರೆ, ಬ್ರೋಮೈಡ್ ಹೋಗಿ ಸಾಲ್ವೆಂಟಿಗೇ ಅಂಟಿಕೊಂಡು ಫ್ರೀಡೆಲ್ ಕ್ರಾಫ್ಟ್ಸ್ ಪ್ರಾಡಕ್ಟ್ ಕೊಡುತ್ತದೆ. ಅದೇ ಮಿಶ್ರಣವನ್ನು ಸೋನಿಕೇಟ್ ಮಾಡಿದರೆ ಬೆಂಝೈಲ್ ಸಯನೈಡ್ ಬರುತ್ತದೆ. ಒಂದೇ ಬಾಟಲಿಯ ರಾಸಾಯನಿಕಗಳು, ಎರಡು ಬೇರೆ ಪ್ರಾಡಕ್ಟ್. ಅಲ್ಯೂಮಿನಾ ಮೈಮೇಲಿನ ಆಮ್ಲೀಯ ತಾಣಗಳು ಫ್ರೀಡೆಲ್ ಕ್ರಾಫ್ಟ್ಸ್ ನಡೆಸುತ್ತವೆ, ಅಲ್ಟ್ರಾಸೌಂಡ್ ಸಯನೈಡನ್ನು ಆ ಮೈಗೆ ಒತ್ತಿ ಹರಡಿ ಆ ತಾಣಗಳನ್ನು ಮುಚ್ಚಿಬಿಡುತ್ತದೆ ಎಂಬುದು ಅದಕ್ಕೆ ಕೊಟ್ಟ ವಿವರಣೆ. ಸಯನೈಡ್ ಆದ್ದರಿಂದ ನಾವು ಇದನ್ನು ಮಾಡುವುದಿಲ್ಲ, ಮಾಡಲೂಬಾರದು. ಆದರೆ ಅಲ್ಟ್ರಾಸೌಂಡ್ ಬರೀ ಬಿಸಿಯಲ್ಲ, ಬರೀ ಕಲಕುವಿಕೆಯೂ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ನಮ್ಮ ರಿಪೋರ್ಟುಗಳ ಮಾತು. ಚಾಲ್ಕೋನ್ ಅಂದರೆ ಎಲ್ಲರಿಗೂ ಇಷ್ಟ. ಅಸೆಟೋಫೀನೋನ್, ಬೆಂಜಾಲ್ಡಿಹೈಡ್, ಎಥನಾಲ್, ಕಾಸ್ಟಿಕ್ ಸೋಡಾ, ಹಳದಿ ಹರಳು ಬೀಳುತ್ತದೆ, ನೋಡಲು ಚೆಂದ. "ಸಾಂಪ್ರದಾಯಿಕ ವಿಧಾನದಲ್ಲಿ ಹಲವು ಗಂಟೆ, ಅಲ್ಟ್ರಾಸೌಂಡಿನಲ್ಲಿ ಕೆಲವೇ ನಿಮಿಷ" ಎಂದು ಬರೆದುಕೊಂಡು ಬರುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ: ಬಾತ್‌ನ ನೀರು ಎಷ್ಟು ಬಿಸಿಯಿತ್ತು? ಬಹಳ ಸಲ ಉತ್ತರ ಇರುವುದಿಲ್ಲ. ಬಾತ್ ಓಡುತ್ತ ಓಡುತ್ತ ಅದರ ನೀರು ತಾನಾಗಿಯೇ ಕಾಯುತ್ತದೆ, ಮಧ್ಯಾಹ್ನವಿಡೀ ಓಡಿದ ಬಾತ್‌ನಲ್ಲಿ ಅದು 45 ಡಿಗ್ರಿ ದಾಟಿರುತ್ತದೆ. 27 ಡಿಗ್ರಿಯ ಸ್ಟಿರರ್ ಜೊತೆ 45 ಡಿಗ್ರಿಯ ಬಾತ್ ಹೋಲಿಸಿದರೆ ಹೋಲಿಕೆಯಾಗಿದ್ದು ಎರಡು ಉಷ್ಣತೆಗಳು. ಹತ್ತು ಡಿಗ್ರಿಗೆ ವೇಗ ಹೆಚ್ಚುಕಡಿಮೆ ಎರಡು ಪಟ್ಟು ಎಂದು ಪಿಯುಸಿಯಲ್ಲೇ ಓದಿದ್ದೇವೆ.

ಅದಕ್ಕೇ ನಮ್ಮಲ್ಲಿ ಈಗ ಒಂದು ಪದ್ಧತಿ. ಒಂದೇ ಅಳತೆಯ ಎರಡು ದುಂಡುತಳದ (ಆರ್.ಬಿ.) ಫ್ಲಾಸ್ಕ್, ಒಂದೇ ದ್ರಾವಣದಿಂದ ಎರಡಕ್ಕೂ ಪಾಲು. ಒಂದು ಬಾತ್‌ನಲ್ಲಿ, ಇನ್ನೊಂದು ಸದ್ದಿಲ್ಲದೆ ಸ್ಟಿರರ್ ಮೇಲೆ, ಬಾತ್‌ನ ಉಷ್ಣತೆಗೇ ಹೊಂದಿಸಿದ ನೀರಿನಲ್ಲಿ. ಸ್ಟಿರರ್ ಜೋರಾಗಿಯೇ ತಿರುಗಬೇಕು. ಆಮೇಲೆ ಎರಡು ಫ್ಲಾಸ್ಕಿಗೂ ಒಂದೇ ಹೊತ್ತಿಗೆ ಟಿ.ಎಲ್.ಸಿ. (ರಿಯಾಕ್ಷನ್ ಎಷ್ಟು ಮುಗಿದಿದೆ ಎಂದು ಪ್ಲೇಟಿನ ಮೇಲಿನ ಚುಕ್ಕೆಗಳಿಂದ ನೋಡುವ ಪರೀಕ್ಷೆ) ಹಾಕಬೇಕು. ಎಲ್ಲವೂ ಕರಗಿರುವ ಹಂತದಲ್ಲಿ ಚಾಲ್ಕೋನಿನ ಎರಡು ಪ್ಲೇಟುಗಳು ನಮ್ಮಲ್ಲಿ ಹೆಚ್ಚುಕಡಿಮೆ ಒಂದೇ ಥರ ಬರುತ್ತವೆ. ಬಾತ್‌ನಲ್ಲಿ ಬಿದ್ದ ಹರಳು ಮಾತ್ರ ನುಣ್ಣಗಿರುತ್ತದೆ, ಗಂಟು ಕಟ್ಟಿರುವುದಿಲ್ಲ, ತೊಳೆಯಲು ಸುಲಭ. ಅದೂ ಒಂದು ಲಾಭವೇ, ಆದರೆ ಅದನ್ನು ಅದರ ಹೆಸರಿನಲ್ಲೇ ಬರೆಯಬೇಕು. ಫೀನಾಲ್‌ಗೆ ಪೊಟ್ಯಾಸಿಯಂ ಕಾರ್ಬೊನೇಟ್ ಹಾಕಿ ಆಲ್ಕೈಲೇಷನ್ ಮಾಡುವಾಗ ವ್ಯತ್ಯಾಸ ಕಣ್ಣಿಗೆ ಕಾಣುವಂತೆ ಬರುತ್ತದೆ. ಅಲ್ಲಿ ಕಾರ್ಬೊನೇಟ್ ಕರಗಿಲ್ಲ, ಅದರ ಹರಳು ಒಡೆದು ನುಣುಪಾಗುತ್ತದೆ, ಅಂಟಿಕೊಂಡ ಉಪ್ಪು ಕಳಚಿ ಹೊಸ ಮೈ ಸಿಗುತ್ತದೆ. ಗುಳ್ಳೆಗೆ ಮಾಡಲು ಕೆಲಸ ಇರುವುದು ಅಲ್ಲಿ.

ಲೂಶ್ ಇದನ್ನು ಮೂರು ಗುಂಪು ಮಾಡಿ ಹೇಳಿದ್ದರು. ಎಲ್ಲ ಕರಗಿರುವ ದ್ರಾವಣದಲ್ಲಿ ಗುಳ್ಳೆಯೊಳಗೆ ಜೊತೆಯಿಲ್ಲದ ಎಲೆಕ್ಟ್ರಾನ್ ಇರುವ ರ‍್ಯಾಡಿಕಲ್‌ಗಳೋ ತತ್ಕಾಲದ ಚುರುಕು ಕಣಗಳೋ ಹುಟ್ಟಿ ನಡೆಯುವ ರಿಯಾಕ್ಷನ್‌ಗಳು ಒಂದು. ಗಟ್ಟಿ ಮತ್ತು ದ್ರವ, ಅಥವಾ ಬೆರೆಯದ ಎರಡು ದ್ರವಗಳ ನಡುವಿನ ಅಯಾನಿಕ್ ರಿಯಾಕ್ಷನ್‌ಗಳು ಎರಡು. ಇಲ್ಲಿ ಆಗುವುದು ಹೆಚ್ಚಾಗಿ ಯಾಂತ್ರಿಕ ಸಹಾಯ. ಜೋರಾದ ಸ್ಟಿರರ್ ಕೂಡ ಅದರಲ್ಲಿ ಸ್ವಲ್ಪ ಭಾಗ ಮಾಡೀತು. ಅಯಾನಿಕ್ ದಾರಿ, ಒಂದೊಂದೇ ಎಲೆಕ್ಟ್ರಾನ್ ದಾಟುವ ದಾರಿ ಎರಡೂ ತೆರೆದಿರುವ ಗಟ್ಟಿ ದ್ರವ ಮಿಶ್ರಣಗಳು ಮೂರನೆಯದು. ಅಲ್ಲಿ ಸಿಂಗಲ್ ಎಲೆಕ್ಟ್ರಾನ್ ದಾರಿ ಮುಂದಾಗಿ ಪ್ರಾಡಕ್ಟೇ ಬದಲಾಗಬಹುದು. ಕರಗಿದ ದ್ರಾವಣದಲ್ಲೇ ಒಂದೇ ಹಂತದಲ್ಲಿ ನಡೆದುಬಿಡುವ ಡೀಲ್ಸ್ ಆಲ್ಡರ್‌ನಂಥ ರಿಯಾಕ್ಷನ್‌ಗಳಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡಿನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಪ್ರಾಜೆಕ್ಟ್ ವಿಷಯ ಆರಿಸುವ ಮೊದಲು ನಿಮ್ಮ ರಿಯಾಕ್ಷನ್ ಈ ಮೂರರಲ್ಲಿ ಎಲ್ಲಿ ಕೂರುತ್ತದೆ ಎಂದು ಅರ್ಧ ಪುಟ ಬರೆದುಕೊಂಡು ಬನ್ನಿ ಎನ್ನುತ್ತೇನೆ.

ಸಾಲ್ವೆಂಟಿನ ವಿಷಯದಲ್ಲಿ ನಮ್ಮ ಅಭ್ಯಾಸ ತಲೆಕೆಳಗಾಗುತ್ತದೆ. ಬಿಸಿ ಮಾಡಿದರೆ ವೇಗ ಹೆಚ್ಚು ಎಂದು ಕಲಿತವರು ನಾವು. ಗುಳ್ಳೆಗೆ ಅದು ಹೊಂದುವುದಿಲ್ಲ. ದ್ರವ ಬಿಸಿಯಾದಷ್ಟೂ ಅದರ ಆವಿ ಗುಳ್ಳೆಯೊಳಗೆ ತುಂಬಿಕೊಳ್ಳುತ್ತದೆ, ಕುಸಿತಕ್ಕೆ ಅದು ಅಡ್ಡವಾಗುತ್ತದೆ, ಏಟು ಸೌಮ್ಯವಾಗುತ್ತದೆ. 35 ಡಿಗ್ರಿಗೆ ಕುದಿಯುವ ಈಥರಿಗಿಂತ 101 ಡಿಗ್ರಿಗೆ ಕುದಿಯುವ ಡಯಾಕ್ಸೇನಿನಲ್ಲಿ ಗುಳ್ಳೆಯ ಕುಸಿತ ಬಲವಾಗಿರುವುದು ಇದಕ್ಕೇ. ಬಾತ್‌ಗೆ ಐಸ್ ಪ್ಯಾಕೆಟ್ ಇಳಿಬಿಡುವುದರಿಂದ ಹೋಲಿಕೆಯೂ ಸರಿಯಾಗುತ್ತದೆ, ಗುಳ್ಳೆಯೂ ಬಲವಾಗುತ್ತದೆ. ಯಾವ ಅನಿಲ ಹಾಯಿಸುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆರ್ಗಾನ್‌ನಂಥ ಒಂಟಿ ಪರಮಾಣುವಿನ ಅನಿಲ ಒತ್ತಿದಾಗ ಬೇಗ ಕಾಯುತ್ತದೆ, ಕಾರ್ಬನ್ ಡೈಆಕ್ಸೈಡ್ ಅಷ್ಟು ಕಾಯುವುದಿಲ್ಲ.

ಬಾತ್‌ನೊಳಗೆ ಎಲ್ಲ ಜಾಗವೂ ಒಂದೇ ಅಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ಹಾಳೆಯನ್ನು ನೀರಿನಲ್ಲಿ ನೆಟ್ಟಗೆ ಹಿಡಿದು ಅರ್ಧ ನಿಮಿಷ ಬಾತ್ ಓಡಿಸಿ, ಬೆಳಕಿಗೆ ಹಿಡಿದು ನೋಡಿ. ಕೆಲವು ಕಡೆ ತೂತು, ಕೆಲವು ಕಡೆ ಏನೂ ಇಲ್ಲ. 40 ಕಿಲೋಹರ್ಟ್ಸ್ ಅಲೆಯ ಉದ್ದ ನೀರಿನಲ್ಲಿ ನಾಲ್ಕು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಅಲೆ ಮೇಲಿನಿಂದ ಮರಳಿ ಬಂದು ನಿಂತ ಅಲೆಯಾದಾಗ ಸುಮಾರು ಎರಡು ಸೆಂಟಿಮೀಟರಿಗೊಮ್ಮೆ ಜೋರಿನ ಪಟ್ಟೆ ಬರುತ್ತದೆ. ಫ್ಲಾಸ್ಕನ್ನು ಅಷ್ಟು ಮೇಲೆ ಕೆಳಗೆ ಮಾಡಿದರೂ ಫಲಿತಾಂಶ ಬದಲಾಗುತ್ತದೆ. ಹಾಗಾಗಿ ಫಾಯಿಲ್ ನೋಡಿ ಜಾಗ ಗುರುತಿಸಿ, ಕ್ಲಾಂಪಿನ ಎತ್ತರ ಅಳೆದು ಬರೆದಿಡಿ. ನೀರಿನ ಮಟ್ಟವನ್ನೂ ಬರೆದಿಡಿ.

ಬಾತ್ ಮೇಲೆ ಬರೆದಿರುವ ವ್ಯಾಟ್ ಗೋಡೆಯ ಪ್ಲಗ್ಗಿನದು, ಫ್ಲಾಸ್ಕಿಗೆ ತಲುಪಿದ್ದಲ್ಲ. ಅದನ್ನು ಅಳೆಯಲು ದೊಡ್ಡ ಉಪಕರಣ ಬೇಡ. ಫ್ಲಾಸ್ಕಿನಲ್ಲಿ 100 ಮಿಲಿಲೀಟರ್ ನೀರು ಹಾಕಿ, ಆರಂಭದಲ್ಲಿ ಎಷ್ಟು ವೇಗವಾಗಿ ಕಾಯುತ್ತದೆ ನೋಡಿ. ಎರಡು ನಿಮಿಷಕ್ಕೆ 5 ಡಿಗ್ರಿ ಏರಿತು ಎಂದುಕೊಳ್ಳಿ. 100 ಗುಣಿಸು 4.18 ಗುಣಿಸು 5, ಭಾಗಿಸು 120 ಸೆಕೆಂಡ್, ಸುಮಾರು 17 ವ್ಯಾಟ್. ಬಾತ್‌ಗಿಂತ ಫ್ಲಾಸ್ಕ್ ತಣ್ಣಗಿರುವಾಗ ಹೊರಗಿನ ಬಿಸಿಯೂ ಸೇರಿಕೊಳ್ಳುತ್ತದೆ, ಆದ್ದರಿಂದ ಎರಡನ್ನೂ ಒಂದೇ ಉಷ್ಣತೆಯಿಂದ ಶುರುಮಾಡಿ. ಗುಳ್ಳೆಯ ರಸಾಯನಶಾಸ್ತ್ರ ನಡೆಯುತ್ತಿದೆಯೇ ಎಂದು ತಿಳಿಯಲು ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ಸಾಕು. ನೀರು ಒಡೆದು ಹುಟ್ಟಿದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅಯೋಡೈಡನ್ನು ಅಯೋಡಿನ್ ಮಾಡುತ್ತದೆ, ಪಿಷ್ಟದ ಹನಿ ಹಾಕಿದರೆ ನೀಲಿ. ಬಿ.ಎಸ್ಸಿ. ಮಕ್ಕಳಿಗೂ ತೋರಿಸಬಹುದು.

ದೊಡ್ಡ ಪ್ರಮಾಣಕ್ಕೆ ಹೋಗುವುದು ಬೇರೆಯೇ ಕಷ್ಟ. ದ್ರವದೊಳಗೇ ಇಳಿಬಿಡುವ 20 ಕಿಲೋಹರ್ಟ್ಸ್ ಪ್ರೋಬ್‌ನ ಟೈಟೇನಿಯಂ ತುದಿಯ ಹತ್ತಿರ ಗುಳ್ಳೆಗಳ ಮೋಡವೇ ಕಟ್ಟಿಕೊಂಡು ಶಬ್ದವನ್ನು ಮುಂದೆ ಬಿಡುವುದಿಲ್ಲ, ಕೆಲವು ಸೆಂಟಿಮೀಟರ್ ಆಚೆ ದ್ರವ ಸುಮ್ಮನಿರುತ್ತದೆ. ತುದಿಯೂ ಸವೆಯುತ್ತದೆ, ಆ ಲೋಹದ ಚೂರು ನಿಮ್ಮ ಪ್ರಾಡಕ್ಟಿಗೆ ಸೇರುತ್ತದೆ. ಅದಕ್ಕೇ ಮುಂಬೈನ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿಯಲ್ಲಿ ಅನಿರುದ್ಧ ಪಂಡಿತ್, ಪರಾಗ್ ಗೊಗಟೆ ಮುಂತಾದವರು ಶಬ್ದವನ್ನೇ ಬಿಟ್ಟು, ತೂತಿನ ತಟ್ಟೆಯ ಮೂಲಕ ಪಂಪಿನಿಂದ ದ್ರವ ನುಗ್ಗಿಸಿ ಗುಳ್ಳೆ ಹುಟ್ಟಿಸುವ ದಾರಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಮ್ಮ ಬೆಂಗಳೂರಿನ ಐ.ಐ.ಎಸ್ಸಿ.ಯಲ್ಲಿ ಗಿರಿಧರ್ ಮದ್ರಾಸ್ ಅವರ ಗುಂಪು ಇದೇ ಗುಳ್ಳೆಯ ಬಲದಿಂದ ಪಾಲಿಮರ್ ಸರಪಳಿ ಒಡೆಯುವುದನ್ನು ವಿವರವಾಗಿ ಅಳೆಯಿತು. ಬಿಸಿಯಲ್ಲಿ ಸರಪಳಿ ಎಲ್ಲೆಂದರಲ್ಲಿ ತುಂಡಾದರೆ, ಅಲ್ಟ್ರಾಸೌಂಡಿನಲ್ಲಿ ಮಧ್ಯಭಾಗದ ಹತ್ತಿರ ತುಂಡಾಗುತ್ತದೆ. ಎಳೆತ ಅಲ್ಲೇ ಹೆಚ್ಚು. ಸಿಂಥೆಸಿಸ್ ಕಲಿಯುವವರು ಇದನ್ನೂ ಓದಬೇಕು, ಏಕೆಂದರೆ ನೀವು ಕಟ್ಟುತ್ತಿರುವ ಉದ್ದನೆಯ ಅಣುವನ್ನು ಅದೇ ಬಾತ್ ಒಡೆಯಲೂಬಹುದು.

"ಹಸಿರು ವಿಧಾನ" ಎಂದು ಶೀರ್ಷಿಕೆ ಇಡುವವರಿಗೆ ಒಂದು ಮಾತು. ಡೈಕ್ಲೋರೋಮೀಥೇನಿನಲ್ಲಿ ಮಾಡಿ, ಶುದ್ಧಮಾಡಲು ಕಾಲಮ್ ಹಾಕಿ ಲೀಟರ್‌ಗಟ್ಟಲೆ ಹೆಕ್ಸೇನ್ ಸುರಿದು, ಬಾತ್ ಬಳಸಿದ ಮಾತ್ರಕ್ಕೆ ಅದು ಹಸಿರಾಗುವುದಿಲ್ಲ. ನೀರಿನಲ್ಲೋ ಎಥನಾಲಿನಲ್ಲೋ ಮಾಡಿ, ಹರಳನ್ನು ಸೋಸಿ ತೆಗೆದು, ಉಳಿತಾಯವಾದ ವಿದ್ಯುತ್ತಿನ ಲೆಕ್ಕ ಕೊಟ್ಟರೆ ನಾನು ಸಂತೋಷದಿಂದ ಸಹಿ ಹಾಕುತ್ತೇನೆ.

ಈ ಸೆಮಿಸ್ಟರಿನಲ್ಲಿ ನಮ್ಮ ಇಬ್ಬರು ವಿದ್ಯಾರ್ಥಿನಿಯರು ರಿಫಾರ್ಮ್ಯಾಟ್‌ಸ್ಕಿ ಹಿಡಿದಿದ್ದಾರೆ. ಬೆಂಜಾಲ್ಡಿಹೈಡ್, ಈಥೈಲ್ ಬ್ರೋಮೋಅಸಿಟೇಟ್, ಡಯಾಕ್ಸೇನ್. ಮೂರು ಫ್ಲಾಸ್ಕ್: ಆಮ್ಲದಲ್ಲಿ ತೊಳೆದ ಸತು ಸ್ಟಿರರ್ ಮೇಲೆ, ಕಪಾಟಿನಲ್ಲಿ ಹಳೆಯದಾದ ಸತು ಸ್ಟಿರರ್ ಮೇಲೆ, ಅದೇ ಹಳೆಯ ಸತು ಬಾತ್‌ನಲ್ಲಿ. ಮೂರಕ್ಕೂ ಒಂದೇ ಉಷ್ಣತೆ. ಮೊದಲ ಮತ್ತು ಮೂರನೆಯ ಫ್ಲಾಸ್ಕ್ ಜೊತೆಯಾಗಿ ನಡೆದು ಎರಡನೆಯದು ಹಿಂದೆ ಬಿದ್ದರೆ, ಅಲ್ಟ್ರಾಸೌಂಡ್ ಇಲ್ಲಿ ಮಾಡಿದ್ದು ಸಿಪ್ಪೆ ಕಿತ್ತ ಕೆಲಸವೇ ಎಂದು ಹೇಳಲು ಬಲ ಬರುತ್ತದೆ. ಮೂರನೆಯದು ಮೊದಲನೆಯದನ್ನೂ ಹಿಂದೆ ಹಾಕಿದರೆ ಇನ್ನಷ್ಟು ಯೋಚಿಸಬೇಕು. ಬ್ರೋಮೋಅಸಿಟೇಟ್ ಕಣ್ಣು ಉರಿಸಿ ನೀರು ಬರಿಸುವ ವಸ್ತು, ಆವಿ ಹೊರಗೆಳೆಯುವ ಹುಡ್ ಇಲ್ಲದೆ ಬಾಟಲಿ ತೆರೆಯುವಂತಿಲ್ಲ. ನಮ್ಮ ಹುಡ್‌ನ ಮೋಟಾರ್ ರಿಪೇರಿಗೆ ಹೋಗಿದೆ, ಅದು ಬಂದ ವಾರವೇ ಶುರು. ಮೂರೂ ಫ್ಲಾಸ್ಕಿನ ಟಿ.ಎಲ್.ಸಿ. ಪ್ಲೇಟುಗಳ ಫೋಟೋ, ಬಾತ್‌ನ ಉಷ್ಣತೆ, ಅಳೆದ ವ್ಯಾಟ್ ಎಲ್ಲವನ್ನೂ ಇಲ್ಲೇ ಹಾಕುತ್ತೇನೆ. ನಿಮ್ಮ ಕಾಲೇಜಿನಲ್ಲೂ ಬಾತ್ ಇದ್ದರೆ ಇದೇ ಮೂರು ಫ್ಲಾಸ್ಕ್ ಮಾಡಿ ನೋಡಿ, ನಿಮ್ಮ ಅಂಕಿಗಳನ್ನು ಬರೆದು ಕಳಿಸಿ.